ದೋಣಿಗೊಂದು ಗಾಲಿ
(ರಜತ ಮಹೋತ್ಸವದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಸಂಘ ಬೆಳೆದು ಬಂದ ಬಗೆಯನ್ನು ಅಧ್ಯಕ್ಷರು ವಿವರವಾಗಿ ಹೇಳಿಯಾಗಿದೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ. ದೊಡ್ಡ ವಿಷಯ ಬೇಡ. ಸಣ್ಣ ದೋಣಿಗೆ ಗಾಲಿ ಕೊಡುವ ವಿಷಯ ಹೇಳುತ್ತೇನೆ.

ನಮ್ಮದು ಅಘನಾಶಿನಿ ಹೊಳೆ ದಂಡೆಯ ಊರು. ಮಳೆಗಾಲದಲ್ಲಿ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ, ಕೊಯ್ಲು ಮುಗಿದ ಮೇಲೆ ಅದೇ ಗಜನಿಯಲ್ಲಿ ಸಿಗಡಿ, ಮೀನು. ಹಾಗಾಗಿ ಇವ ರೈತ, ಅವ ಮೀನುಗಾರ ಅಂತ ಗೆರೆ ಎಳೆಯಲಿಕ್ಕೆ ನಮ್ಮಲ್ಲಿ ಬರೋದಿಲ್ಲ. ನೇಗಿಲು ಇದ್ದ ಮನೆಯಲ್ಲೇ ದೋಣಿಯೂ ಇತ್ತು. ಈಗ ಎಷ್ಟೋ ದೋಣಿ ಮಾಡಿನ ಕೆಳಗೆ ಕವುಚಿ ಬಿದ್ದಿವೆ. ಮೀನು ಕಮ್ಮಿ ಆಯ್ತು ಅಂತಾರೆ, ಅದೂ ನಿಜ. ಆದರೆ ಇನ್ನೊಂದು ಕಾರಣ ಇದೆ. ದೋಣಿ ಎತ್ತಲು ಎರಡನೇ ಆಳಿಲ್ಲ. ಮಕ್ಕಳು ಬೆಂಗಳೂರು, ಗೋವಾ, ಮುಂಬೈ ಸೇರಿದ್ದಾರೆ. ಊರಲ್ಲಿ ಉಳಿದವರು ಐವತ್ತು, ಅರವತ್ತು ದಾಟಿದವರು. ಹುಟ್ಟು ಹಾಕುವ ತೋಳು ಅವರಲ್ಲಿ ಇನ್ನೂ ಇದೆ, ದೋಣಿ ಹೊರುವ ಸೊಂಟ ಇಲ್ಲ.

ಹೊಳೆಯಲ್ಲೇ ಕಟ್ಟಿಟ್ಟು ಬಂದರಾಯ್ತಲ್ಲ ಅಂತ ನೀವು ಕೇಳಬಹುದು. ಮರದ ದೋಣಿ ಉಪ್ಪುನೀರಲ್ಲೇ ಇದ್ದರೆ ಹುಳ ಕೊರೆಯುತ್ತದೆ. 2019ರ ಆಗಸ್ಟ್ ತಿಂಗಳ ನೆರೆ ನೋಡಿದವರಿಗೆ ಮಳೆಗಾಲದ ಹೊಳೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಫೈಬರ್ ದೋಣಿಯನ್ನು ನೆಲದ ಮೇಲೆ ಎಳೆದುಕೊಂಡು ಹೋದರೆ ತಳದ ಬಣ್ಣ ಸವೆದು, ಒಳಗಿನ ನೂಲು ಎದ್ದು, ನೀರು ಕುಡಿಯಲು ಶುರುವಾಗುತ್ತದೆ. ದೋಣಿ ಮನೆಗೆ ಬರಬೇಕು, ಒಬ್ಬನ ಕೈಯಲ್ಲೇ ಬರಬೇಕು. ಅದಕ್ಕೆ ಗಾಲಿ ಬೇಕು.

ಗಾಲಿ ಎಲ್ಲಿ ಕೂರಬೇಕು ಅನ್ನೋದೇ ಮುಖ್ಯ. ಎತ್ತಿನ ಗಾಡಿ ಹೇರಿದವರಿಗೆ ಇದು ಗೊತ್ತು. ಹೇರು ಮುಂದಾದರೆ ಎತ್ತಿನ ಕುತ್ತಿಗೆಗೆ ಭಾರ, ಹಿಂದಾದರೆ ಮೂಕಿ ಮೇಲೇಳುತ್ತದೆ. ದೋಣಿಗೂ ಅದೇ ಲೆಕ್ಕ. 12 ಅಡಿ ಉದ್ದದ, 80 ಕಿಲೋ ತೂಕದ ದೋಣಿ ಅಂತ ಇಟ್ಟುಕೊಳ್ಳಿ, ಭಾರ ಸರಿಯಾಗಿ ನಡುವೆ ಇದೆ ಅನ್ನಿ. ಗಾಲಿಯನ್ನು ಹಿಂದಿನ ತುದಿಗೇ ಹಾಕಿ ಮುಂದಿನ ತುದಿ ಎತ್ತಿದರೆ ಕೈಗೆ 40 ಕಿಲೋ ಬೀಳುತ್ತದೆ. ಅದೇ ಗಾಲಿಯನ್ನು ಹಿಂದಿನಿಂದ 4 ಅಡಿ ಒಳಗೆ ತಂದರೆ ಬರೀ 20 ಕಿಲೋ. 5 ಅಡಿ ಒಳಗೆ ತಂದರೆ ಹನ್ನೊಂದು ಹನ್ನೆರಡು ಕಿಲೋ, ಒಂದು ಕೊಡ ನೀರಿನ ಭಾರ. ಪೂರ್ತಿ ನಡುವೆ ಹಾಕಬೇಡಿ, ದೋಣಿ ಏತದ ಹಾಗೆ ಹಿಂದೆ ಮುಂದೆ ತೂಗುತ್ತದೆ. ನಿಮ್ಮ ದೋಣಿಯ ನಡುಭಾರ ಎಲ್ಲಿದೆ ಅಂತ ತಿಳಿಯಲು ಅಡಿಗೆ ಒಂದು ದುಂಡು ಮರದ ತುಂಡು ಕೊಟ್ಟು ಉರುಳಿಸಿ ನೋಡಿ. ಬಲೆ, ಇಂಜಿನು ಇಡುವವರು ಅದನ್ನೂ ಇಟ್ಟೇ ನೋಡಬೇಕು.

ಎರಡನೆಯದು, ಎಂಥ ಗಾಲಿ? ಸೈಕಲ್ ಚಕ್ರ ಡಾಂಬರು ರಸ್ತೆಗೆ ಸರಿ, ಮರಳಲ್ಲಿ ಹೂತುಕೊಳ್ಳುತ್ತದೆ. ಹಳೇ ಸ್ಕೂಟರಿನ ಅಗಲ ಟೈರು ಸ್ವಲ್ಪ ಗಾಳಿ ಇಳಿಸಿ ಹಾಕಿದರೆ ಮರಳ ಮೇಲೂ ನಡೆಯುತ್ತದೆ. ಅಗಲ ದಾರಿ ಇದ್ದರೆ ಎರಡು ಗಾಲಿ ಒಳ್ಳೆಯದು, ದೋಣಿ ವಾಲುವುದಿಲ್ಲ. ಗಜನಿ ಕಟ್ಟೆಯ ಮೇಲಿನ ಕಾಲುದಾರಿಗೆ ಒಂಟಿ ಗಾಲಿಯೇ ಗತಿ, ಆಗ ಪಕ್ಕದಲ್ಲಿ ಹಿಡಿಯಲು ಇನ್ನೊಂದು ಕೈ ಬೇಕು. ಅದಕ್ಕೆ ಮನೆಯ ಹೆಂಗಸರೋ ಶಾಲೆ ಬಿಟ್ಟು ಬಂದ ಹುಡುಗರೋ ಸಾಕು. ಇಳಿತದ ಹೊತ್ತಿನ ಕೆಸರಿನಲ್ಲಿ ಮಾತ್ರ ಯಾವ ಗಾಲಿಯೂ ನಡೆಯೋದಿಲ್ಲ. ಹಲಗೆ ಹಾಸಬೇಕು, ಇಲ್ಲವೇ ಭರತ ಬರುವ ತನಕ ಕಾಯಬೇಕು.

ಮೂರನೆಯದು, ದೋಣಿಯ ತಳಕ್ಕೆ ತೂತು ಕೊರೆದು ಗಾಲಿ ಬಿಗಿಯಲೇಬೇಡಿ. ತೂತಿನಿಂದ ನೀರು ಬರುತ್ತದೆ, ನೀರಲ್ಲಿ ಗಾಲಿ ಬಲೆಗೆ ಸಿಕ್ಕಿಕೊಳ್ಳುತ್ತದೆ, ಹುಟ್ಟು ಹಾಕುವುದೂ ಭಾರವಾಗುತ್ತದೆ. ಕಬ್ಬಿಣದ ಪೈಪಿನ ಸಣ್ಣ ತಳ್ಳುಗಾಡಿ ಮಾಡಿಸಿ, ದೋಣಿ ಕೂರುವಲ್ಲಿ ಹಳೇ ಟೈರಿನ ಪಟ್ಟಿ ಸುತ್ತಿ, ಹಗ್ಗದಿಂದ ಬಿಗಿದರೆ ಸಾಕು. ನೀರಿಗೆ ಇಳಿದ ಕೂಡಲೇ ಬಿಚ್ಚಿ ದಂಡೆ ಮೇಲಿಡಿ. ಉಪ್ಪುನೀರು ತಾಗಿದ ಬೇರಿಂಗನ್ನು ಅವತ್ತೇ ಸಿಹಿನೀರಲ್ಲಿ ತೊಳೆದು ಗ್ರೀಸು ಹಚ್ಚಬೇಕು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಜಾಮ್ ಆಗುತ್ತದೆ. ಇಳಿಜಾರಿನಲ್ಲಿ ದೋಣಿಯ ಮುಂದೆ ನಿಲ್ಲಲೇಬೇಡಿ. ಹಿಂದಿನಿಂದ ಹಗ್ಗ ಹಿಡಿದು ನಿಧಾನ ಬಿಡಬೇಕು.

ನಮ್ಮ ಅಜ್ಜಂದಿರು ಹೆಗಲ ಮೇಲೆ ಹೊತ್ತೇ ಬದುಕಲಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಹೊತ್ತರು, ಹೌದು. ಅವರ ಮನೆಯಲ್ಲಿ ಹೊರಲು ನಾಲ್ಕು ಗಂಡುಮಕ್ಕಳಿದ್ದರು. ಇವತ್ತು ಒಬ್ಬನೇ ಉಳಿದವನಿಗೆ ದೋಣಿ ನೀರಿಗಿಳಿಸಲು ಆಗದಿದ್ದರೆ ಅವನು ದೋಣಿ ಮಾರುತ್ತಾನೆ. ದೋಣಿ ಹೋದ ಮನೆಗೆ ಸಾರಿನ ಮೀನೂ ಪೇಟೆಯಿಂದಲೇ ಬರಬೇಕು.

ಒಂದು ತಳ್ಳುಗಾಡಿ ದಿನಕ್ಕೆ ಬೇಕಾಗುವುದು ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ. ಮನೆಗೊಂದು ಮಾಡಿಸುವುದು ದಂಡ. ಸಂಘದಿಂದ ದೋಣಿ ಇಳಿಸುವ ಜಾಗಕ್ಕೆ ಎರಡೆರಡು ಇಟ್ಟರೆ ಎಲ್ಲರಿಗೂ ಸಾಕಾಗುತ್ತದೆ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಒಬ್ಬನಿಂದ ಆಗದ್ದು ಹತ್ತು ಜನರಿಂದ ಆಗಲಿ ಅಂತಲೇ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ಮಂಡಿಸುವವನಿದ್ದೇನೆ. ಸದಸ್ಯರು ಒಪ್ಪಿಗೆ ಕೊಡಬೇಕು. ಗಾಡಿ ಬಂದ ಮೇಲೆ ತೊಳೆದು, ಗ್ರೀಸು ಹಚ್ಚಿ ಇಡುವ ಜವಾಬ್ದಾರಿಯನ್ನೂ ಹೊರಬೇಕು ಎಂದು ಕೇಳಿಕೊಳ್ಳುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.