ಆನಂದಮಠದ ಗೀತವೂ ಅದನ್ನು ಕೇಳಿದವರೂ

(ಊರ ವಾಚನಾಲಯವೊಂದರ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವಕ್ಕೆ ಬಂದು ಎರಡು ಮಾತು ಹೇಳಬೇಕೆಂದು ವಾಚನಾಲಯದ ಚಾಲಕರು ನಮಗೆ ಹೇಳಿಕಳುಹಿದಾಗ, ವಿಷಯವನ್ನು ಆರಿಸಿಕೊಳ್ಳುವ ಕೆಲಸವನ್ನೂ ನಮಗೇ ಬಿಟ್ಟರು. ಕಳೆದ ತಿಂಗಳು ಇದೇ ಮಂದಿರದಲ್ಲಿ 'ಆನಂದಮಠ'ದ ಚಿತ್ರಪಟವನ್ನು ತೋರಿಸಿದ ದಿನ ನಡೆದ ಒಂದು ಚಿಕ್ಕ ಪ್ರಸಂಗವು ನಮ್ಮ ಮನಸ್ಸನ್ನು ಬಿಟ್ಟು ಹೋಗಲೊಲ್ಲದು. ಆದುದರಿಂದ ಬೇರೆ ವಿಷಯವನ್ನು ಹುಡುಕುವ ಗೋಜಿಗೆ ನಾವು ಹೋಗಲಿಲ್ಲ.

ತೆರೆಯ ಮೇಲೆ 'ವಂದೇ ಮಾತರಂ' ಗೀತವು ಆರಂಭವಾಗುತ್ತಲೆ ಮುಂದಿನ ಸಾಲಿನಲ್ಲಿ ಕುಳಿತಿದ್ದ, ತೊಂಬತ್ತು ದಾಟಿದ ಒಬ್ಬ ನಿವೃತ್ತ ಮಾಸ್ತರರು ಕೋಲನ್ನೂರಿ ಎದ್ದು ನಿಂತರು. ಹಿಂದೆ ಕುಳಿತ ಹುಡುಗರಿಗೆ ತೆರೆಯು ಮರೆಯಾಯಿತು. "ಅಜ್ಜಾರ, ಕೂಡ್ರಿ, ಏನೂ ಕಾಣವಲ್ದು" ಎಂದು ಒಬ್ಬನು ಕೂಗಿದನು, ನಾಲ್ವರು ನಕ್ಕರು. ಅಜ್ಜನವರಿಗೆ ಅದು ಕೇಳಿಸಲಿಲ್ಲ. ಗೀತವು ಮುಗಿದು ಅವರು ಕುಳಿತುಕೊಳ್ಳುವಾಗ ಅವರ ಗಲ್ಲಗಳು ತೊಯ್ದಿದ್ದುದನ್ನು ನಾವು ಕಂಡೆವು. ನಮ್ಮ ಮಗ್ಗುಲಲ್ಲಿ ಕುಳಿತವರು ನಮ್ಮೊಡನೆ ಇಪ್ಪತ್ತು ವರ್ಷ ಒಂದೇ ಶಾಲೆಯಲ್ಲಿ ಕಲಿಸಿದ ಮುಸಲ್ಮಾನ ಮಿತ್ರರು. ಅವರು ಏಳಲೂ ಇಲ್ಲ, ನಗಲೂ ಇಲ್ಲ. ತಲೆಯನ್ನು ಬಗ್ಗಿಸಿ ತಮ್ಮ ಕೈಗಳನ್ನು ನೋಡುತ್ತ ಕುಳಿತರು. ಮನೆಗೆ ಮರಳುವ ದಾರಿಯಲ್ಲಿ ಅವರೇ ಮಾತು ತೆಗೆದರು: "ಮಾಸ್ತರ, ಆ ಹಾಡಿನ ಮೊದಲಿನ ಮಾತು ಕೇಳಿದರ ನನಗೂ ನಮ್ಮ ಊರಿನ ಹೊಲಾನ ಕಣ್ಣಿಗೆ ಕಟ್ಟತದ. ಆದರ ಪುಸ್ತಕ ಓದಿದ ಮ್ಯಾಲೆ ಅದರ ಸಂಗಡ ಮತ್ತೊಂದು ದನೀನೂ ಕೇಳಸ್ತದ. ಎರಡನೇದ್ದು ಕೇಳಸದಂಗ ಇರೋದು ಹ್ಯಾಂಗ, ಹೇಳ್ರಿ?"

ನಮಗೆ ಆಗ ಉತ್ತರ ತೋಚಲಿಲ್ಲ. ಅಂದು ಮನೆಗೆ ಬಂದವರೇ ಕಪಾಟಿನಿಂದ ಬಂಕಿಮಚಂದ್ರರ ಗ್ರಂಥವನ್ನು ತೆಗೆದು ಮತ್ತೊಮ್ಮೆ ಓದಿದೆವು. ಓದುವಾಗ ನಮಗೆ ತಿಳಿದುಬಂದುದನ್ನು ತಮ್ಮ ಮುಂದಿಡುತ್ತೇವೆ.

'ಆನಂದಮಠ'ವು 1882ರಲ್ಲಿ ಪುಸ್ತಕರೂಪದಿಂದ ಹೊರಬಿದ್ದಿತು. ಗೀತವು ಅದಕ್ಕಿಂತ ಕೆಲವು ವರ್ಷ ಮೊದಲೇ ರಚಿತವಾಗಿತ್ತು. ಬಂಕಿಮಬಾಬುಗಳ ಕಾದಂಬರಿಗಳನ್ನು ಕನ್ನಡಿಗರ ಮನೆಗಳಿಗೆ ತಂದವರು ಬಿ. ವೆಂಕಟಾಚಾರ್ಯರು. ಮೈಸೂರು ಸೀಮೆಯಲ್ಲಿ ನ್ಯಾಯಾಧಿಕಾರಿಗಳಾಗಿದ್ದ ಆ ಮಹನೀಯರು ವಂಗಭಾಷೆಯನ್ನು ತಾವಾಗಿ ಕಲಿತು ಅನುವಾದಿಸಿದ ಪುಸ್ತಕಗಳಿಂದ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಕನ್ನಡಕ್ಕೆ ಹೊಸ ಓದುಗರ ಬಳಗವೇ ಹುಟ್ಟಿತು. ಅವರ ಋಣವನ್ನು ನಾವು ಇನ್ನೂ ನೆಟ್ಟಗೆ ತೀರಿಸಿಲ್ಲವೆಂಬ ಮಾತನ್ನು ಇಲ್ಲಿ ನಡುವೆ ಹೇಳದಿರಲಾರೆವು.

ಕಥೆಯ ಕಾಲವು 1770ರ ಘೋರ ಕ್ಷಾಮದ ಕಾಲ. ಹೊಲ ಒಣಗಿವೆ, ಮನೆಗಳು ಬರಿದಾಗಿವೆ, ಜನರು ಎಲೆಯನ್ನೂ ಹುಲ್ಲನ್ನೂ ತಿಂದು ಸಾಯುತ್ತಿದ್ದಾರೆ. ಕಂದಾಯ ವಸೂಲಿ ಮಾತ್ರ ನಿಂತಿಲ್ಲ. ಪದಚಿಹ್ನವೆಂಬ ಗ್ರಾಮದ ಸಿರಿವಂತನಾದ ಮಹೇಂದ್ರನು ಹೆಂಡತಿ ಮಗುವಿನೊಡನೆ ಊರು ಬಿಟ್ಟು, ದಾರಿಯಲ್ಲಿ ಅವರನ್ನು ಕಳೆದುಕೊಂಡು, ಸಂತಾನರೆಂಬ ಸನ್ಯಾಸಿಗಳ ಕೈಗೆ ಸಿಗುತ್ತಾನೆ. ಸರಕಾರದ ಹಣದ ಬಂಡಿಯನ್ನು ಸುಲಿದಾದ ಮೇಲೆ ಬೆಳುದಿಂಗಳಲ್ಲಿ ಭವಾನಂದನೂ ಮಹೇಂದ್ರನೂ ಬಯಲಿನಲ್ಲಿ ನಡೆಯುತ್ತಿದ್ದಾರೆ. ಭವಾನಂದನು ಎಷ್ಟು ಮಾತಾಡಿಸಿದರೂ ಮಹೇಂದ್ರನು ಬಾಯಿ ಬಿಡುವದಿಲ್ಲ. ಆಗ ಭವಾನಂದನು ತನ್ನಷ್ಟಕ್ಕೆ ತಾನು ಹಾಡತೊಡಗುತ್ತಾನೆ.

ಮಹಾಶಯರೇ, ಈ ಗೀತವನ್ನು ಜಗತ್ತಿನಲ್ಲಿ ಮೊದಲು ಕೇಳಿದವನು ಈ ಮಹೇಂದ್ರನು. ಅವನು ಏನು ಮಾಡಿದನು? ಎದ್ದು ನಿಂತು ಕೈಮುಗಿದನೇ? ಇಲ್ಲ. ಅವನಿಗೆ ಅರ್ಥವೇ ಆಗಲಿಲ್ಲ. ಈ ತಾಯಿ ಯಾರು ಎಂದು ಕೇಳಿದನು. ಭವಾನಂದನು ಉತ್ತರ ಕೊಡದೆ ಹಾಡನ್ನು ಮುಂದುವರಿಸಿದನು. ಇದು ನೆಲದ ವರ್ಣನೆಯಾಯಿತು, ತಾಯಿಯದಲ್ಲವಲ್ಲ ಎಂದು ಮಹೇಂದ್ರನು ಮತ್ತೆ ತಡೆದನು. ಸಂತಾನರಿಗೆ ಈ ನೆಲದ ಹೊರತು ಬೇರೆ ತಾಯಿಯಿಲ್ಲ, ಮನೆಯಿಲ್ಲ, ಹೆಂಡಿರು ಮಕ್ಕಳಿಲ್ಲ ಎಂಬ ಭಾವದ ಉತ್ತರ ಬಂದಿತು. ಆಗ ಮಾತ್ರ ಮಹೇಂದ್ರನಿಗೆ ತಿಳಿಯಿತು. ಹಾಗಾದರೆ ಮತ್ತೆ ಹಾಡೆಂದನು. ಮತ್ತೆ ಹಾಡುವಾಗ ಆ ದರೋಡೆಗಾರನ ಕಣ್ಣುಗಳಲ್ಲಿ ನೀರು ಸುರಿಯುತ್ತಿದ್ದುದನ್ನು ಮಹೇಂದ್ರನು ಕಂಡನು. ಬೆರಗಾಗಿ, ನೀವು ಯಾರು ಎಂದು ಕೇಳಿದನು.

ಈ ಪ್ರಸಂಗದಲ್ಲಿ ಅಳುವವನು ಹಾಡುವವನು, ಕೇಳುವವನಲ್ಲ. ಕೇಳುವವನಿಗೆ ಪ್ರಶ್ನೆ ಮಾಡುವ ಅವಕಾಶವನ್ನು ಗ್ರಂಥಕಾರರು ಎರಡು ಸಲ ಕೊಟ್ಟಿದ್ದಾರೆ. ಪ್ರಶ್ನಿಸಿದನೆಂದು ಭವಾನಂದನು ಕತ್ತಿಯನ್ನು ಹಿರಿಯಲಿಲ್ಲ; ಮತ್ತೊಮ್ಮೆ ಹಾಡಿದನು, ಅಷ್ಟೆ.

ಬಂಕಿಮಬಾಬುಗಳು 1894ರಲ್ಲಿ ತೀರಿಕೊಂಡರು. ತಮ್ಮ ಗೀತವು ಜನಸಮೂಹದಲ್ಲಿ ಏನು ಮಾಡಿತೆಂಬುದನ್ನು ಅವರು ಕಿವಿಯಿಂದ ಕೇಳಲೇ ಇಲ್ಲ. 1896ರ ಕಲಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ರವೀಂದ್ರನಾಥ ಠಾಕೂರರು ಅದನ್ನು ಹಾಡಿದರು. ಆ ಅಧಿವೇಶನದ ಅಧ್ಯಕ್ಷರು ರಹಿಮತುಲ್ಲಾ ಸಯಾನಿಯವರು. 1905ರಲ್ಲಿ ಲಾರ್ಡ್ ಕರ್ಜನನು ವಂಗದೇಶವನ್ನು ಒಡೆದನು. ಅಲ್ಲಿಂದ ಮುಂದೆ ಗೀತದ ಮೊದಲಿನ ಎರಡು ಶಬ್ದಗಳು ಗೀತದಿಂದ ಕಳಚಿಕೊಂಡು ಬೀದಿಗೆ ಬಂದವು. 1906ರ ಎಪ್ರಿಲ್ ತಿಂಗಳಲ್ಲಿ ಬಾರಿಸಾಲದಲ್ಲಿ ಪ್ರಾಂತಿಕ ಪರಿಷತ್ತು ಕೂಡಿತು. ಆ ಘೋಷವನ್ನು ಮಾಡಕೂಡದೆಂದು ಸರಕಾರದ ಆಜ್ಞೆ. ಮಾಡಿದವರ ಮೇಲೆ ಪೋಲೀಸರ ಲಾಠಿಗಳು ಬಿದ್ದವು; ಸುರೇಂದ್ರನಾಥ ಬ್ಯಾನರ್ಜಿಯವರನ್ನು ಹಿಡಿದರು. ಆ ಪರಿಷತ್ತಿನ ಅಧ್ಯಕ್ಷರು ಯಾರು? ಬ್ಯಾರಿಸ್ಟರ್ ಅಬ್ದುಲ್ ರಸೂಲರು. ಈ ಎರಡು ಹೆಸರುಗಳನ್ನು ನಮ್ಮ ಶಾಲೆಯ ಪುಸ್ತಕಗಳು ಹೇಳದಿರುವದು ದೊಡ್ಡ ಕೊರತೆಯೆಂದು ನಾವು ಭಾವಿಸುತ್ತೇವೆ.

ಅಂದು ಬೆನ್ನಿನ ಮೇಲೆ ಏಟು ಬೀಳುವಾಗ ಕೂಗಿದವರಲ್ಲಿ ಕಾದಂಬರಿಯನ್ನು ಓದಿದವರು ಎಷ್ಟು ಮಂದಿ? 1942ರ ಸಪ್ಟೆಂಬರ 29ರಂದು ತಮಲೂಕಿನಲ್ಲಿ ಧ್ವಜವನ್ನು ಹಿಡಿದು ಗುಂಡಿಗೆ ಬಲಿಯಾದ ಮಾತಂಗಿನಿ ಹಾಜರಾ ಎಂಬ ವೃದ್ಧೆಯು ಮಹೇಂದ್ರ ಭವಾನಂದರ ಸಂವಾದವನ್ನು ನೆನೆದು ಆ ಎರಡು ಶಬ್ದಗಳನ್ನು ಉಚ್ಚರಿಸಿದಳೇ? ನಮ್ಮ ಸಮೀಪದ ಉದಾಹರಣೆಯನ್ನೇ ನೋಡಿರಿ. 1938ರಲ್ಲಿ ನಿಜಾಮರ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹದಲ್ಲಿ ಈ ಗೀತವನ್ನು ಹಾಡಿದುದಕ್ಕಾಗಿ ನೂರಾರು ವಿದ್ಯಾರ್ಥಿಗಳನ್ನು ಹೊರಗೆ ಹಾಕಿದರು. ಅವರ ಮುಷ್ಕರದ ಕಾವು ಅಂದು ಅದೇ ಸಂಸ್ಥಾನದಲ್ಲಿದ್ದ ಗುಲ್ಬರ್ಗೆಯ ವಿದ್ಯಾರ್ಥಿಗಳಿಗೂ ತಟ್ಟಿತು. ಓದು ಹಾಳಾದೀತೆಂದು ಗೊತ್ತಿದ್ದೂ ಹಾಡಿದ ಹುಡುಗನಿಗೆ ಆ ಗೀತದ ಅರ್ಥವು ನಿಘಂಟಿನಲ್ಲಿರಲಿಲ್ಲ, ಅವನ ಹರಿದ ಪ್ರವೇಶಪತ್ರದಲ್ಲಿತ್ತು.

ಇನ್ನು ನಮ್ಮ ಮಿತ್ರರು ಹೇಳಿದ ಆ ಎರಡನೆಯ ದನಿ. ಅದನ್ನು ಮುಚ್ಚಿಟ್ಟು ಮಾತಾಡುವದು ಪ್ರಾಮಾಣಿಕತನವಲ್ಲ. ಗೀತದ ಮೊದಲಿನ ಭಾಗದಲ್ಲಿ ನೀರು, ಹಣ್ಣು, ಗಾಳಿ, ಪೈರು, ಬೆಳುದಿಂಗಳು ಇವೆ. ಮುಂದಿನ ಚರಣಗಳಲ್ಲಿ ತಾಯಿಯು ದುರ್ಗೆಯಾಗುತ್ತಾಳೆ, ಲಕ್ಷ್ಮಿಯಾಗುತ್ತಾಳೆ, ಸರಸ್ವತಿಯಾಗುತ್ತಾಳೆ. ದೇವರೊಬ್ಬನಿಗಲ್ಲದೆ ಮತ್ತಾರಿಗೂ ತಲೆಬಾಗಬಾರದೆಂದು ನಂಬಿದವನಿಗೆ ಅಲ್ಲಿ ತಡೆಯುಂಟಾಗುವದು ಸಹಜ. ಕಾದಂಬರಿಯಲ್ಲಿಯಂತೂ ಸಂತಾನರು ಮುಸಲ್ಮಾನರ ಹಳ್ಳಿಗಳನ್ನು ಸುಲಿಯುವ, ಸುಡುವ ಪ್ರಸಂಗಗಳಿವೆ. ಅವನ್ನು ಓದುವಾಗ ನಾವೂ ಪುಟವನ್ನು ಬೇಗ ಮಗುಚಿದೆವೆಂದು ಒಪ್ಪಿಕೊಳ್ಳುತ್ತೇವೆ. ಹಾಗೆ ಮಗುಚುವ ಸೌಕರ್ಯವು ನಮ್ಮ ಮಿತ್ರರಿಗಿಲ್ಲ. (ಅದೇ ಗ್ರಂಥದ ಕೊನೆಯಲ್ಲಿ ಆಂಗ್ಲರ ರಾಜ್ಯವು ಬರತಕ್ಕದ್ದೇ ಎಂದು ಹೇಳಿಸಿರುವದೂ ಉಂಟು, ಆಂಗ್ಲರು ಹೆದರಿ ನಿಷೇಧಿಸಿದ ಗೀತವು ಇಂಥ ಗ್ರಂಥದ್ದೆಂಬುದು ವಿಚಿತ್ರವಲ್ಲವೇ?)

1923ರ ಕಾಕಿನಾಡಾ ಕಾಂಗ್ರೆಸ್ಸಿನಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಹಾಡಲು ನಿಂತಾಗ ಅಧ್ಯಕ್ಷರಾಗಿದ್ದ ಮೌಲಾನಾ ಮಹಮದಲಿಯವರು ಆಕ್ಷೇಪಿಸಿದರು. ಪಲುಸ್ಕರರು ನಿಲ್ಲಿಸದೆ ಹಾಡಿದರು. ಒಬ್ಬರ ನಿಷ್ಠೆಯನ್ನೂ ಇನ್ನೊಬ್ಬರ ನೋವನ್ನೂ ನಾವು ಸುಳ್ಳೆನ್ನಲಾರೆವು. 1937ರಲ್ಲಿ ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿಯು ರವೀಂದ್ರರ ಸಲಹೆಯನ್ನೂ ಕೇಳಿ, ರಾಷ್ಟ್ರೀಯ ಸಭೆಗಳಲ್ಲಿ ಮೊದಲಿನ ಎರಡು ಚರಣಗಳನ್ನೇ ಹಾಡತಕ್ಕದ್ದೆಂದು ನಿರ್ಣಯಿಸಿತು. ಆ ಭಾಗವು ತನ್ನ ಸೌಂದರ್ಯದಿಂದ ಸ್ವತಂತ್ರವಾಗಿ ನಿಲ್ಲಬಲ್ಲುದು, ಇಡೀ ಗೀತವನ್ನು ಕಥೆಯೊಡನೆ ಓದಿದರೆ ಮುಸಲ್ಮಾನರ ಮನಸ್ಸು ನೋಯಬಹುದು ಎಂಬುದು ಕವಿಗಳ ಅಭಿಪ್ರಾಯವಾಗಿತ್ತು. ಮೊದಲ ಸಲ ಅದನ್ನು ಕಾಂಗ್ರೆಸ್ಸಿನಲ್ಲಿ ಹಾಡಿದವರೇ ಈ ಮಾತನ್ನು ಹೇಳಿದರೆಂಬುದನ್ನು ಮರೆಯಬಾರದು. 1950ರ ಜನವರಿ 24ರಂದು ಸಂವಿಧಾನ ಸಭೆಯಲ್ಲಿ ಬಾಬು ರಾಜೇಂದ್ರಪ್ರಸಾದರು 'ಜನಗಣಮನ'ವನ್ನು ರಾಷ್ಟ್ರಗೀತವೆಂದು ಸಾರಿ, 'ವಂದೇ ಮಾತರಂ'ಗೂ ಸಮಾನವಾದ ಗೌರವವೆಂದು ಹೇಳಿದರು. ಆದರೂ ವಾದವು ಮುಗಿಯಲಿಲ್ಲ. 2025ರಲ್ಲಿ ಗೀತದ 150ನೆಯ ವರ್ಷದ ಉತ್ಸವವು ಆರಂಭವಾದಾಗ 1937ರ ನಿರ್ಣಯದ ಚರ್ಚೆಯು ಲೋಕಸಭೆಯಲ್ಲಿ ಮತ್ತೆ ಎದ್ದಿತು.

ಈಗ ಚಿತ್ರಪಟಕ್ಕೆ ಬರೋಣ. ಹೇಮೇನ್ ಗುಪ್ತಾ ಅವರ ನಿರ್ದೇಶನದಲ್ಲಿ ಮುಂಬಯಿಯ ಫಿಲ್ಮಿಸ್ತಾನದವರು ಅದನ್ನು 1952ರಲ್ಲಿ ತೆರೆಗೆ ತಂದರು. ಸತ್ಯಾನಂದರ ಪಾತ್ರವನ್ನು ಪೃಥ್ವೀರಾಜ ಕಪೂರರೂ ಶಾಂತಿಯ ಪಾತ್ರವನ್ನು ಗೀತಾ ಬಾಲಿಯವರೂ ವಹಿಸಿದರು. ಸಂಗೀತವು ಹೇಮಂತಕುಮಾರರದು, ಹಿಂದಿ ಚಿತ್ರಕ್ಕೆ ಅವರು ಸಂಗೀತ ಕೊಟ್ಟುದು ಅದೇ ಮೊದಲು. ಒಮ್ಮೆ ಲತಾ ಮಂಗೇಶಕರರ ಕಂಠದಲ್ಲಿ, ಒಮ್ಮೆ ಹೇಮಂತಕುಮಾರರ ಕಂಠದಲ್ಲಿ ಗೀತವು ಬರುವದು. ಬಂಕಿಮರು ಗ್ರಂಥದಲ್ಲಿ ಮಲ್ಹಾರ ರಾಗವೆಂದು ಸೂಚಿಸಿದ್ದರು. ರವೀಂದ್ರರು ದೇಶ ರಾಗದಲ್ಲಿ ಹಾಡಿದರು. ಹೇಮಂತಕುಮಾರರು ಕಟ್ಟಿದುದು ನಡಿಗೆಯ ಹಾಡು. ಹೆಜ್ಜೆಗೆ ಹೆಜ್ಜೆ ಸೇರುವ ತಾಳ, ಹಿಂದೆ ಸಮೂಹದ ಕಂಠ. ಕೇಳಿದವನ ಕಾಲು ತಾನಾಗಿ ನೆಲವನ್ನು ಬಡಿಯುವದು.

1952ರಲ್ಲಿ ಅದನ್ನು ಕೇಳಿ ಚಿತ್ರಗೃಹಗಳಲ್ಲಿ ಕಣ್ಣು ಒರಸಿಕೊಂಡವರಿಗೆ ಎದುರಿಗೆ ಯಾವ ಲಾಠಿಯೂ ಇರಲಿಲ್ಲ. ನಾಡು ಸ್ವತಂತ್ರವಾಗಿ ಐದು ವರ್ಷವಾಗಿತ್ತು. ಯಾವ ವಂಗದೇಶದ ಒಡಕನ್ನು ತಡೆಯಲು ಆ ಘೋಷವು ಹುಟ್ಟಿತೋ ಅದು ಮತ್ತೊಮ್ಮೆ ಒಡೆದು, ಬಾರಿಸಾಲವು ಪಾಕಿಸ್ತಾನಕ್ಕೆ ಸೇರಿಹೋಗಿತ್ತು. ಅವರ ಕಣ್ಣೀರಿನಲ್ಲಿ ಗೆಲುವೆಷ್ಟು, ಕಳೆದುಕೊಂಡುದರ ದುಃಖವೆಷ್ಟು ಎಂದು ಬೇರ್ಪಡಿಸುವವರಾರು? ಐವತ್ತು ವರ್ಷಗಳ ತರುವಾಯ, 2002ರಲ್ಲಿ, ಬಿ.ಬಿ.ಸಿ.ಯವರು ಜಗತ್ತಿನ ಶ್ರೋತೃಗಳಿಂದ ಮತಗಳನ್ನು ಕೇಳಿದಾಗ ಈ ಗೀತಕ್ಕೆ ಎರಡನೆಯ ಸ್ಥಾನವು ದೊರೆಯಿತು. ಮೊದಲನೆಯದು ಐರ್ಲಂಡಿನವರ ಒಂದು ದೇಶಭಕ್ತಿಯ ಹಾಡಿಗೆ. ದೂರದೇಶದಲ್ಲಿ ನೆಲೆಸಿದವರಿಗೆ ಬಿಟ್ಟುಬಂದ ನೆಲದ ಹಾಡು ಇನ್ನಷ್ಟು ತಾಗುವದೇನೋ.

ಚಿತ್ರದ ಆ ಧಾಟಿಯು ನಮಗೂ ಪ್ರಿಯವೇ. ಆದರೆ ಅದರಲ್ಲಿ ಒಂದು ಇಲ್ಲ. ನಡಿಗೆಯ ತಾಳದಲ್ಲಿ ಮಹೇಂದ್ರನು ನಿಂತು ಪ್ರಶ್ನೆ ಕೇಳಲು ಎಡೆಯಿಲ್ಲ. ಹೆಜ್ಜೆ ತಪ್ಪಿದವನು ಸಾಲಿನಿಂದ ಹೊರಬೀಳುವನು. ಗ್ರಂಥದಲ್ಲಿ ಇಬ್ಬರೇ ಇದ್ದರು, ರಾತ್ರಿಯಿತ್ತು, ಅವಸರವಿರಲಿಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ಈ ಗೀತವನ್ನು ಕಲಿಸುವ ನಾವು ಶಿಕ್ಷಕರು ಎದ್ದು ನಿಲ್ಲುವದನ್ನು ಕಲಿಸಿದಷ್ಟು ಬೇಗ ಮಹೇಂದ್ರನ ಕಥೆಯನ್ನು ಹೇಳುವದಿಲ್ಲ. ಮುಂದಿನ ಸಾಲಿನ ಅಜ್ಜನವರನ್ನು ನೋಡಿ ನಕ್ಕ ಹುಡುಗರ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಆ ಅಜ್ಜನವರನ್ನು ನಾವು ಮರುವಾರ ಅವರ ಮನೆಗೆ ಹೋಗಿ ಕಂಡೆವು. ಏಕೆ ಎದ್ದು ನಿಂತಿರಿ ಎಂದು ಕೇಳಿದೆವು. ದೇಶದ ಮೇಲೆ ಒಂದು ವ್ಯಾಖ್ಯಾನವನ್ನು ನಿರೀಕ್ಷಿಸಿದ್ದೆವು. ಅವರು ಹೇಳಿದುದು ಇಷ್ಟೇ: 1942ರಲ್ಲಿ ಅವರು ಕನ್ನಡ ಶಾಲೆಯ ಹುಡುಗ. ಸಾಲಿನಲ್ಲಿ ಯಾರೋ ಆ ಎರಡು ಶಬ್ದಗಳನ್ನು ಕೂಗಿದರು, ಕೂಗಿದವರು ಇವರೇ. ಹೆಡ್‌ಮಾಸ್ತರರು ಬೆತ್ತವನ್ನು ಹಿಡಿದು ಬಂದಾಗ ಮಗ್ಗುಲಲ್ಲಿದ್ದ ಗೆಳೆಯನು ತಾನೆಂದು ಕೈಯೊಡ್ಡಿದನು. ಇವರು ಸುಮ್ಮನೆ ನಿಂತರು. ಗೆಳೆಯನ ತಂದೆಯು ಹೆದರಿ ಮಗನನ್ನು ಶಾಲೆ ಬಿಡಿಸಿ ಹೊಲಕ್ಕೆ ಹಚ್ಚಿದನು. "ಅವ ನನಗಿಂತ ಶ್ಯಾಣ್ಯಾ ಇದ್ದ" ಎಂದರು ಅಜ್ಜನವರು. "ನಾ ಮಾಸ್ತರ ಆದೆ. ಆ ಹಾಡು ಕೇಳಿದಾಗ ಒಮ್ಮೆ ಎದ್ದು ನಿಂದರತೀನಿ. ಅಂದು ಎದ್ದು ಹೇಳಲಿಲ್ಲಲ್ಲ."

ಇದನ್ನು ನಮ್ಮ ಮಿತ್ರರಿಗೆ ತಿಳಿಸಿದೆವು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಅಜ್ಜನವರಿಗೆ ಈಗಲೂ ಕಣ್ಣು ಕಾಣಿಸುತ್ತದೆಯೇ, ಓದುತ್ತಾರೆಯೇ ಎಂದು ಕೇಳಿದರು. ಕಾಣಿಸುವದಿಲ್ಲ, ಯಾರಾದರೂ ಓದಿದರೆ ಕೇಳುತ್ತಾರೆ ಎಂದೆವು. ಮಿತ್ರರ ಪ್ರಶ್ನೆಗೆ ನಮ್ಮ ಬಳಿ ಉತ್ತರವು ಈಗಲೂ ಇಲ್ಲ. ಬರುವ ರವಿವಾರ ಸಂಜೆ ಈ ಮಂದಿರದ ಮೂಲೆಯ ಕೋಣೆಯಲ್ಲಿ ನಾವು ಮೂವರೂ ಕೂಡಿ 'ಆನಂದಮಠ'ವನ್ನು ಮೊದಲಿನಿಂದ ಓದುವದೆಂದು ಗೊತ್ತುಮಾಡಿದ್ದೇವೆ. ಬೇಗ ಮಗುಚಿದ ಪುಟಗಳನ್ನೂ ಬಿಡುವದಿಲ್ಲ. ಗಟ್ಟಿಯಾಗಿ ಓದುವವರು ನಮ್ಮ ಮಿತ್ರರು. ಅಂದು ನಕ್ಕ ನಾಲ್ವರು ಹುಡುಗರಿಗೂ ಹೇಳಿಕಳುಹಿಸಿದ್ದೇವೆ, ಇಬ್ಬರು ಬರುತ್ತೇವೆಂದಿದ್ದಾರೆ. ತಮ್ಮಲ್ಲಿಯೂ ಬರಬೇಕೆನ್ನುವವರು ಸಂಜೆ ಐದಕ್ಕೆ ಬರಬಹುದು, ಚಾಪೆಗಳು ಸಾಕಷ್ಟು ಇವೆ.