ವಿದ್ಯಾಸಾಧನವೂ ಗುರುವೂ



ಓದಿಗೆ ಸಾಧನವು ಎಂದೂ ಬೇಕಾದುದೇ. ಶರಣರ ವಚನಗಳನ್ನು ಓಲೆಗರಿಯು ಶತಮಾನಗಳವರೆಗೆ ಕಾಪಾಡಿತು. ವಿಜಾಪುರದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಲು ಅವು ಬಹುಜನರ ಕೈಸೇರಿದವು. ಇಂದು ಶಾಲೆಯ ಬಾಲಕನು ಕೈಯೊಳಗಿನ ಯಂತ್ರದಲ್ಲಿ ಒಂದು ಪದವನ್ನು ಒತ್ತಿದರೆ ವಚನಗಳು ಸಾಲುಗಟ್ಟಿ ಬರುವವು. ಇದು ಹಿಗ್ಗತಕ್ಕ ಸಂಗತಿಯೇ ಸರಿ.

ಆದರೆ 2020ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ಪಾಠವು ಬಹುಮಟ್ಟಿಗೆ ಮೊಬೈಲಿನೊಳಗೆ ಸೇರಿತು. ಮೊಬೈಲಿಲ್ಲದ ಮನೆಯ ಮಕ್ಕಳು ಹೊರಗುಳಿದರು. ಆಗ ನಾಡಿನ ಉಪಾಧ್ಯಾಯರು ‘ವಿದ್ಯಾಗಮ’ವೆಂಬ ಯೋಜನೆಯಂತೆ ಗುಡಿಯ ಕಟ್ಟೆಯಲ್ಲಿ, ಮರದ ನೆರಳಿನಲ್ಲಿ ಕುಳಿತು ಪಾಠ ಹೇಳಿದರು. ಯಂತ್ರವು ಮುಟ್ಟದಲ್ಲಿಗೆ ಗುರುವು ನಡೆದು ಹೋದರು.

ಇಳಕಲ್ಲಿನ ನೇಕಾರನು ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವನು. ಆ ಜೋಡಣೆ ತಪ್ಪಿದರೆ ಸೆರಗೂ ಇಲ್ಲ, ಸೀರೆಯೂ ಇಲ್ಲ. ಯಂತ್ರವನ್ನೂ ಗುರುವನ್ನೂ ಹಾಗೆಯೇ ಕೂಡಿಸತಕ್ಕದ್ದು. ಯಂತ್ರವು ವಚನವನ್ನು ತೋರಲಿ, ಗುರುವು ಅದರ ಅರ್ಥವನ್ನು ಬಿಡಿಸಲಿ, ಆಚರಣೆಯು ಶಿಷ್ಯನದಾಗಲಿ.

ಆದಕಾರಣ ಭಕ್ತರು ಶಾಲೆಗೆ ಯಂತ್ರವನ್ನು ಕೊಡುವಾಗ, ಅದು ಬಡ ನೇಕಾರನ ಮಗುವಿನ ಕೈಗೂ ಬರುವಂತೆ ನೋಡಿಕೊಳ್ಳತಕ್ಕದ್ದು. ಅದೇ ವಿದ್ಯಾದಾಸೋಹವು.