ದ್ರಾಕ್ಷಿ ನಮ್ಮದು, ಲೆಕ್ಕವೂ ನಮ್ಮದಾಗಲಿ



ನಮ್ಮ ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿ ಬಿಸಿಲಿಗೆ ಹೊಂದಿಕೊಂಡ ಬಳ್ಳಿ. ವರ್ಷಕ್ಕೆ ಎರಡು ಬೆಳೆ ಕೊಡುತ್ತೆ. ಆದರೆ ಎಲ್ಲರ ಚಪ್ಪರದಲ್ಲೂ ಒಂದೇ ಸಲ ಹಣ್ಣಾದಾಗ ಬೆಲೆ ಬೀಳುತ್ತೆ. ಸಾಲದ ಕಂತು ಮಾತ್ರ ಕಾಯೋದಿಲ್ಲ. ಅದಕ್ಕೇ "ನಾವೇ ವೈನ್ ಮಾಡಿ ಮಾರಬಾರದಾ?" ಅಂತ ಬಹಳ ಮಂದಿ ಕೇಳ್ತೀರಿ.

ವೈನ್ ಆಗೋದು ಹೇಗೆ ಅಂತ ಮೊದಲು ತಿಳಿಯೋಣ. ಪೂರ್ತಿ ಮಾಗಿದ ಹಣ್ಣನ್ನೇ ಕೊಯ್ದು, ಬೂಷ್ಟು ಹಿಡಿದದ್ದನ್ನು ತೆಗೆದು, ಸಿಪ್ಪೆ ಸಮೇತ ಹಿಸುಕಬೇಕು. ಕೆಂಪು ಬಣ್ಣ ಇರೋದು ಸಿಪ್ಪೆಯಲ್ಲೇ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಮಾಡುತ್ತೆ. ಉಕ್ಕುವಾಗ ಜಾಡಿಯ ಬಾಯಿ ಬಿಗಿದರೆ ಒಡೆದೀತು. ಉಕ್ಕು ನಿಂತ ಮೇಲೆ ಗಾಳಿ ಆಡಿದರೆ ವಿನೆಗರ್ ಆದೀತು. ಲೀಟರ್ ರಸದಲ್ಲಿ 170 ಗ್ರಾಂ ಸಕ್ಕರೆ ಇದ್ದರೆ ಸುಮಾರು ಶೇಕಡಾ 10 ಮದ್ಯಸಾರ ಬರುತ್ತೆ. ಅಂದರೆ ಇದೂ ಮದ್ಯವೇ. ಕುಡಿತದಿಂದ ನೊಂದ ಮನೆಗಳು ನಮ್ಮಲ್ಲೇ ಇವೆ.

ಅಬಕಾರಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ಕೇಸಾದರೆ ಉಳಿತಾಯದ ಹಣವೂ ಹೋದೀತು. ಸಂಘಕ್ಕೆ ಬೇರೆ ಎರಡು ದಾರಿ ಇದೆ: ಕೊಯ್ಲಿಗೆ ಮೊದಲೇ ವೈನರಿಯವರಿಂದ ಬೆಲೆ ಬರೆಸಿಕೊಂಡು ಒಟ್ಟಾಗಿ ಹಣ್ಣು ಕೊಡೋದು, ಇಲ್ಲವೇ ಆಹಾರ ಸುರಕ್ಷತಾ ನೋಂದಣಿ ಮಾಡಿಸಿ ಜ್ಯೂಸ್, ಜಾಮ್ ಮಾಡೋದು. ಜ್ಯೂಸಿಗೆ ಈ ಹಣ್ಣು ಹೆಸರುವಾಸಿ.

ಮುಂದಿನ ಸಭೆಗೆ ಯಾರ ತೋಟದಲ್ಲಿ ಎಷ್ಟು ಹಣ್ಣಿದೆ ಅಂತ ಬರೆದು ತನ್ನಿ. ಒಬ್ಬಳ ಬುಟ್ಟಿಗೆ ದಲ್ಲಾಳಿ ಬೆಲೆ ಹೇಳ್ತಾನೆ. ಇಪ್ಪತ್ತು ಜನರ ಲೋಡಿಗೆ ನಾವು ಹೇಳಬಹುದು.